ಮಡುವಿನ ವಿದ್ಯೆ, ಮುಗಿಲಿನ ಹಾದಿ



ಶುಭಾಂಶು ಶುಕ್ಲಾ ಅವರು 2025ರ ಜೂನ್ 25ರಂದು ಅಂತರಿಕ್ಷಕ್ಕೆ ಹಾರಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು, ಜುಲೈ 15ರಂದು ಸುರಕ್ಷಿತವಾಗಿ ಮರಳಿದ ಮೇಲೆ ನಮ್ಮ ಮುಡುಕುತೊರೆಯ ಸುತ್ತಿನ ಹಳ್ಳಿಗಳಲ್ಲೂ ಒಂದು ಹೊಸ ಪ್ರಶ್ನೆ ಹುಟ್ಟಿಕೊಂಡಿದೆ. "ಮೇಷ್ಟ್ರೇ, ನಮ್ಮ ಹೈದ ಗಗನಯಾತ್ರಿ ಆಯ್ತೀನಿ ಅಂತಾನೆ. ಯಾವ ಕೋಚಿಂಗಿಗೆ ಸೇರಿಸಬೇಕು?" ಎಂದು ತಂದೆತಾಯಂದಿರು ನನ್ನನ್ನು ಕೇಳುತ್ತಾರೆ. ಅವರಲ್ಲಿ ಕೆಲವರು ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದವರೇ. "ಮೊದಲು ಈಜು ಕಲಿಸಿ" ಎಂಬುದು ನನ್ನ ಉತ್ತರ. ಅವರು ನಗುತ್ತಾರೆ; ನಿವೃತ್ತ ಮೇಷ್ಟರು ತಮಾಷೆ ಮಾಡುತ್ತಿದ್ದಾರೆಂದು ಭಾವಿಸುತ್ತಾರೆ. ತಮಾಷೆಯಲ್ಲವೆಂಬುದನ್ನು ವಿವರಿಸಲು ಬಸ್ ನಿಲ್ದಾಣದ ಐದು ನಿಮಿಷ ಸಾಲದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಮೈಕೆಲ್ ಗರ್ನ್‌ಹಾರ್ಟ್ ಎಂಬ ಗಗನಯಾತ್ರಿಯ ಹೆಸರನ್ನು ನಮ್ಮಲ್ಲಿ ಕೇಳಿದವರು ವಿರಳ. 1956ರಲ್ಲಿ ಒಹಾಯೊ ರಾಜ್ಯದಲ್ಲಿ ಹುಟ್ಟಿದ ಈತ ಭೌತಶಾಸ್ತ್ರದ ಪದವೀಧರ. ಆದರೆ ಆತನ ಮೊದಲ ವೃತ್ತಿ ಯಾವುದು ಗೊತ್ತೇ? ಸಮುದ್ರದ ತಳದಲ್ಲಿ ತೈಲಬಾವಿಗಳ ಕಟ್ಟಡದ ಕೆಲಸ ಮಾಡುವ ಮುಳುಗುಗಾರ. 1977ರಿಂದ 1984ರವರೆಗೆ ಆ ಕೆಲಸದಲ್ಲಿದ್ದು ಏಳುನೂರಕ್ಕೂ ಹೆಚ್ಚು ಬಾರಿ ಆಳ ಸಮುದ್ರಕ್ಕಿಳಿದರು. ಆ ವರ್ಷಗಳಲ್ಲೇ, 1983ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೈವಿಕ ಎಂಜಿನಿಯರಿಂಗ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1991ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದರು. ಒತ್ತಡ ಇಳಿಯುವಾಗ ದೇಹದ ಅಂಗಾಂಶಗಳಲ್ಲಿ ಅನಿಲದ ಗುಳ್ಳೆಗಳು ಹೇಗೆ ಹುಟ್ಟಿ ಬೆಳೆಯುತ್ತವೆ ಎಂಬುದನ್ನು ಗಣಿತದಿಂದ ಲೆಕ್ಕ ಹಾಕುವುದೇ ಆ ಪ್ರಬಂಧದ ವಿಷಯ. 1992ರಲ್ಲಿ ನಾಸಾ ಸಂಸ್ಥೆ ಅವರನ್ನು ಗಗನಯಾತ್ರಿಯಾಗಿ ಆರಿಸಿತು. 1995ರಿಂದ 2001ರೊಳಗೆ ನಾಲ್ಕು ಬಾರಿ ಅಂತರಿಕ್ಷಕ್ಕೆ ಹೋಗಿಬಂದರು.

ನೀರಿನ ತಳಕ್ಕೂ ಆಕಾಶದ ತುದಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಬಹಳ ಹತ್ತಿರದ್ದು. ಅದನ್ನು ಹೇಳಿಕೊಡಲು ನಾನು ತರಗತಿಯಲ್ಲಿ ಬಳಸುತ್ತಿದ್ದದ್ದು ನಮ್ಮ ಜಾತ್ರೆಯ ಗೋಲಿ ಸೋಡಾ. ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ಬಾಟಲಿಯ ಬಾಯಲ್ಲಿ ಗೋಲಿ ಬಿಗಿಯಾಗಿ ಕುಳಿತಿರುವವರೆಗೆ ಒಳಗಿನ ನೀರು ತಿಳಿಯಾಗಿ, ಶಾಂತವಾಗಿ ಕಾಣುತ್ತದೆ. ಅನಿಲ ಅದರೊಳಗೆ ಕರಗಿ ಅಡಗಿರುತ್ತದೆ. ಗೋಲಿಯನ್ನು ಒತ್ತಿದೊಡನೆ ಒತ್ತಡ ಇಳಿಯುತ್ತದೆ, ಕರಗಿದ್ದ ಅನಿಲ ಗುಳ್ಳೆಗುಳ್ಳೆಯಾಗಿ ಉಕ್ಕುತ್ತದೆ. ಮುಳುಗುಗಾರನ ದೇಹವೂ ಇಂಥದೇ ಒಂದು ಬಾಟಲಿ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಆಳದಲ್ಲಿ ಅಷ್ಟೇ ಒತ್ತಡದ ಗಾಳಿಯನ್ನು ಉಸಿರಾಡಬೇಕು. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ತಳದಲ್ಲಿರುವವರೆಗೆ ಆ ಸಾರಜನಕದಿಂದ ಗುಳ್ಳೆಗಳ ತೊಂದರೆಯಿಲ್ಲ. ಅವಸರದಿಂದ ಮೇಲೆದ್ದರೆ ಗೋಲಿ ಒತ್ತಿದಂತೆಯೇ. ಗುಳ್ಳೆಗಳು ಕೀಲಿನಲ್ಲಿ ನೋವು ತರುತ್ತವೆ. ಬೆನ್ನುಹುರಿಗೋ ಮಿದುಳಿಗೋ ತಗಲಿದರೆ ಪಾರ್ಶ್ವವಾಯು, ಮರಣ. ನೋವಿನಿಂದ ಮೈ ಬಾಗುವುದರಿಂದ ಇದಕ್ಕೆ ಇಂಗ್ಲಿಷಿನಲ್ಲಿ 'ಬೆಂಡ್ಸ್' ಎಂದೇ ಹೆಸರು.

ಈ ಬೇನೆಯನ್ನು ಮೊದಲು ತಮ್ಮ ಮೈಯಲ್ಲಿ ಅನುಭವಿಸಿದವರು ವಿದ್ವಾಂಸರಲ್ಲ, ಕೂಲಿಕಾರರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕಂಬಗಳಿಗೆ ಅಡಿಪಾಯ ತೋಡುವಾಗ, ಬೋರಲು ಹಾಕಿದ ಮರದ ಭಾರೀ ಪೆಟ್ಟಿಗೆಗಳಿಗೆ ಒತ್ತಡದ ಗಾಳಿ ತುಂಬಿ, ಅದರೊಳಗೆ ಜನರು ನದಿಯ ತಳ ಅಗೆಯುತ್ತಿದ್ದರು. ಮೇಲೆ ಬಂದವರಲ್ಲಿ ಹಲವರು ನೋವಿನಿಂದ ಒದ್ದಾಡಿದರು, ಕೆಲವರು ಸತ್ತರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಸ್ವತಃ 1872ರಲ್ಲಿ ಇದಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಅವರ ಪತ್ನಿ ಎಮಿಲಿ ಅವರು ಗಂಡನಿಗೂ ಕೆಲಸದ ಸ್ಥಳಕ್ಕೂ ನಡುವೆ ಕೊಂಡಿಯಾಗಿ ನಿಂತರು. 1883ರಲ್ಲಿ ಸೇತುವೆ ತೆರೆಯಿತು. ಈ ಬೇನೆಗೆ ಸಾರಜನಕದ ಗುಳ್ಳೆಗಳೇ ಕಾರಣವೆಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ತೋರಿಸಿಕೊಟ್ಟರು. 1908ರಲ್ಲಿ ಇಂಗ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜೊತೆಗಾರರು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಮುಳುಗುಗಾರನು ಹಂತಹಂತವಾಗಿ, ನಡುನಡುವೆ ನಿಂತು ಮೇಲೇರಬೇಕಾದ ಲೆಕ್ಕವನ್ನು ಕೋಷ್ಟಕವಾಗಿ ಪ್ರಕಟಿಸಿದರು. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಅನಿಲವನ್ನು ತುಂಬಿಕೊಳ್ಳುವುದಿಲ್ಲ, ಬಿಡುವುದೂ ಇಲ್ಲ ಎಂಬುದು ಆ ಲೆಕ್ಕದ ತಿರುಳು. ಒಂದೇ ಹಗ್ಗದ ಮೇಲೆ ಹರವಿದ ಪಂಚೆ ಬೇಗ ಒಣಗುತ್ತದೆ, ಗೋಣಿಚೀಲ ಸಂಜೆಯಾದರೂ ಹಸಿಯಾಗಿರುತ್ತದೆ, ಅಲ್ಲವೇ? ಹಾಗೆಯೇ ಇದೂ.

ಈ ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್ ನಮಗೆ ಇನ್ನೂ ಹತ್ತಿರದವರು. ಹದಿಮೂರರ ಹರೆಯದಲ್ಲೇ ತಂದೆಯ ಪ್ರಯೋಗಕ್ಕಾಗಿ ಮುಳುಗುಡುಪು ತೊಟ್ಟು ಸಮುದ್ರಕ್ಕಿಳಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಯಿಂದ ತಪ್ಪಿಸಿಕೊಳ್ಳುವ ವಿಧಾನ ಹುಡುಕಲು ತಮ್ಮನ್ನೇ ಒತ್ತಡದ ಕೋಣೆಯಲ್ಲಿ ಕೂಡಿಕೊಂಡು, ಮೈಗೆ ಪೆಟ್ಟು ಮಾಡಿಕೊಂಡವರು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಪುಸ್ತಕದ ವಿದ್ಯೆಗೆ ಮೈಯೊಡ್ಡಿದ ಅನುಭವ ಬೆರೆತರೆ ಎಂಥ ವಿಜ್ಞಾನ ಹುಟ್ಟುತ್ತದೆ ಎಂಬುದಕ್ಕೆ ಈ ಮನೆತನವೇ ಸಾಕ್ಷಿ.

ಈಗ ಆಕಾಶಕ್ಕೆ ಬರೋಣ. ಬಾಹ್ಯಾಕಾಶ ನಿಲ್ದಾಣದ ಒಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವಷ್ಟೇ. ಹೊರಗೆ ನಿರ್ವಾತ. ಹೊರಗೆ ಹೋಗುವವರು ತೊಡುವ ಉಡುಪಿಗೆ ಪೂರ್ತಿ ಒತ್ತಡದ ಗಾಳಿ ತುಂಬಿದರೆ ಅದು ಲಾರಿಯ ಟಯರಿನಂತೆ ಬಿಗಿದುಕೊಂಡು ಬೆರಳು ಮಡಿಸುವುದೂ ಕಷ್ಟವಾಗುತ್ತದೆ. 1965ರ ಮಾರ್ಚ್ 18ರಂದು ಮನುಷ್ಯಕುಲದಲ್ಲೇ ಮೊದಲ ಬಾರಿಗೆ ಹೊರಗೆ ತೇಲಿದ ಸೋವಿಯತ್ ದೇಶದ ಅಲೆಕ್ಸಿ ಲಿಯೊನೊವ್ ಅವರ ಉಡುಪು ಉಬ್ಬಿ, ಒಳಗೆ ಮರಳುವುದೇ ದುಸ್ತರವಾಯಿತು. ಅವರು ಅಪಾಯವನ್ನರಿತೂ ಉಡುಪಿನ ಒತ್ತಡವನ್ನು ಇಳಿಸಿಕೊಂಡು ನೌಕೆಯೊಳಗೆ ತೂರಿದರು. ಆದ್ದರಿಂದ ಅಮೆರಿಕದ ಉಡುಪಿನಲ್ಲಿ ವಾಯುಮಂಡಲದ ಒತ್ತಡದ ಮೂರನೆಯ ಒಂದು ಪಾಲಿಗಿಂತ ತುಸು ಕಡಿಮೆ ಒತ್ತಡದ ಶುದ್ಧ ಆಮ್ಲಜನಕವನ್ನಷ್ಟೇ ಇಡುತ್ತಾರೆ. ನಿಲ್ದಾಣದಿಂದ ಆ ಉಡುಪಿಗೆ ಹೊಕ್ಕವನು, ಅನುಪಾತದ ಲೆಕ್ಕದಲ್ಲಿ, ಸುಮಾರು 24 ಮೀಟರ್ ನೀರಿನಾಳದಿಂದ ನೇರವಾಗಿ ಮೇಲೆದ್ದವನಿಗೆ ಸಮ. ಕೆಳಗಿನಿಂದ ಮೇಲೆ ಬರುವುದೂ ಒಳಗಿನಿಂದ ಹೊರಗೆ ಹೋಗುವುದೂ ದೇಹದ ಮಟ್ಟಿಗೆ ಒಂದೇ ಸಂಗತಿ.

ಈ ಬೇನೆ ಬಾರದಿರಲು, ಹೊರಗೆ ಹೋಗುವ ಮೊದಲು ಗಂಟೆಗಟ್ಟಲೆ ಶುದ್ಧ ಆಮ್ಲಜನಕ ಉಸಿರಾಡಿ ಮೈಯಲ್ಲಿನ ಸಾರಜನಕವನ್ನು ತೊಳೆದುಹಾಕಬೇಕು. ಉಡುಪು ತೊಟ್ಟು ನಾಲ್ಕು ಗಂಟೆ ಸುಮ್ಮನೆ ಕಾಯುವುದು ಒಂದು ಕ್ರಮವಾಗಿತ್ತು. ನಿಲ್ದಾಣ ಕಟ್ಟಲು ಹತ್ತಾರು ಸಲ ಹೊರಗೆ ಹೋಗಬೇಕಾಗಿದ್ದಾಗ ಇದು ದುಬಾರಿ. ಇಲ್ಲಿ ಕೈಗೆ ಬಂದದ್ದು ಗರ್ನ್‌ಹಾರ್ಟರ ಹಳೆಯ ವಿದ್ಯೆ. ಅವರು ಮುಂದೆ ನಿಂತು ನಡೆಸಿದ ಸಂಶೋಧನೆಯ ಸಾರ ಇಷ್ಟು: ಆಮ್ಲಜನಕ ಉಸಿರಾಡುತ್ತಲೇ ಹತ್ತು ನಿಮಿಷ ಜೋರಾಗಿ ವ್ಯಾಯಾಮ ಮಾಡಿದರೆ ರಕ್ತಸಂಚಾರ ಹೆಚ್ಚಿ ಸಾರಜನಕ ಬೇಗ ಹೊರಬೀಳುತ್ತದೆ. ಆದರೆ ವ್ಯಾಯಾಮ ಎರಡು ಅಲಗಿನ ಕತ್ತಿ. ತಪ್ಪು ಹೊತ್ತಿನಲ್ಲಿ ಮೈ ದಂಡಿಸಿದರೆ ಗುಳ್ಳೆಗಳಿಗೇ ಅನುಕೂಲ. ಎಷ್ಟು, ಯಾವಾಗ, ಯಾವ ಅಂಗಕ್ಕೆ ಎಂಬುದನ್ನು ಸ್ವಯಂಸೇವಕರ ಮೇಲೆ ನೆಲದಲ್ಲೇ ಪರೀಕ್ಷಿಸಿದರು. ಅಂತರಿಕ್ಷದಲ್ಲಿ ಯಾರೂ ಕಾಲೂರಿ ನಡೆಯುವುದಿಲ್ಲವಾದ್ದರಿಂದ, ಆ ಸ್ವಯಂಸೇವಕರಿಗೂ ನಡೆಯಲು ಬಿಡದೆ ಪರೀಕ್ಷಿಸಿದ್ದು ಗಮನಾರ್ಹ. ಕಾಯುವ ಅವಧಿ ಎರಡೂವರೆ ಗಂಟೆಯ ಆಸುಪಾಸಿಗೆ ಇಳಿಯಿತು. 2001ರ ಜುಲೈನಲ್ಲಿ ನಿಲ್ದಾಣಕ್ಕೆ 'ಕ್ವೆಸ್ಟ್' ಎಂಬ ಹೊರಬಾಗಿಲ ಕೋಣೆಯನ್ನು ಜೋಡಿಸಿದವರಲ್ಲಿ ಗರ್ನ್‌ಹಾರ್ಟ್ ಒಬ್ಬರು. ಆ ಬಾಗಿಲಿನಿಂದ ಮೊದಲು ಹೊರಗೆ ಹೆಜ್ಜೆಯಿಟ್ಟವರೂ ಅವರು ಮತ್ತು ಜೇಮ್ಸ್ ರೈಲಿ. ತಾನು ರೂಪಿಸಿದ ಕ್ರಮವನ್ನು ತನ್ನ ಮೈಯ ಮೇಲೆಯೇ ಪ್ರಯೋಗಿಸಿಕೊಂಡು ಹೊರಟವರು! ಮುಂದೆ ಬೇರೆ ಕ್ರಮಗಳೂ ಬಂದವು. ಆದರೆ ಅಡಿಗಲ್ಲು ಸಮುದ್ರದ ತಳದಲ್ಲಿತ್ತು ಎಂಬುದನ್ನು ಮರೆಯಬಾರದು.

ಇದು ಒಬ್ಬರ ಕಥೆಯಷ್ಟೇ ಅಲ್ಲ. 1962ರಲ್ಲಿ ಭೂಮಿಯನ್ನು ಸುತ್ತಿದ ಸ್ಕಾಟ್ ಕಾರ್ಪೆಂಟರ್ 1965ರಲ್ಲಿ ಮೂವತ್ತು ದಿನ ಸಮುದ್ರತಳದ ಮನೆಯೊಂದರಲ್ಲಿ ವಾಸವಿದ್ದರು. ನಾವೆಲ್ಲ ಪ್ರೀತಿಯಿಂದ ನಮ್ಮವರೆಂದು ಕರೆಯುವ ಸುನೀತಾ ವಿಲಿಯಮ್ಸ್ 1987ರಲ್ಲಿ ನೌಕಾಪಡೆಗೆ ಸೇರಿದಾಗ ಮೊದಲು ಪಡೆದ ಅರ್ಹತೆಗಳಲ್ಲಿ ಒಂದು ಮುಳುಗು ಅಧಿಕಾರಿಯದು. 2002ರಲ್ಲಿ ಅವರೂ ಫ್ಲಾರಿಡಾದ ಕಡಲೊಳಗಿನ 'ಅಕ್ವೇರಿಯಸ್' ಪ್ರಯೋಗಶಾಲೆಯಲ್ಲಿ ಇದ್ದು ಬಂದರು. ಹ್ಯೂಸ್ಟನ್ನಿನಲ್ಲಿ ಗಗನನಡಿಗೆಯ ಅಭ್ಯಾಸ ನಡೆಯುವುದು ಹನ್ನೆರಡು ಮೀಟರ್ ಆಳದ ಒಂದು ಬೃಹತ್ ಕೊಳದಲ್ಲಿ.

ನಮ್ಮ ನಾಡಿನಲ್ಲೂ ಈ ವಿದ್ಯೆಗೆ ನೆಲೆಯಿದೆ. ಬೆಂಗಳೂರಿನಲ್ಲಿ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ 1957ರಿಂದ ಇದೆ. ಒತ್ತಡ ಇಳಿಸಿದ ಕೋಣೆಯಲ್ಲಿ ವಿಮಾನಚಾಲಕರನ್ನು ಕೂರಿಸಿ, ಎತ್ತರದಲ್ಲಿ ದೇಹಕ್ಕೆ ಏನಾಗುತ್ತದೆಂದು ಅವರಿಗೇ ತಿಳಿಯುವಂತೆ ಮಾಡುವ ಸ್ಥಳ ಅದು. ಗಗನಯಾನಕ್ಕೆ ನಮ್ಮ ನಾಲ್ವರ ಆಯ್ಕೆಗೆ ವೈದ್ಯಕೀಯ ಪರೀಕ್ಷೆಗಳು ನಡೆದದ್ದೂ ಅಲ್ಲಿಯೇ. ಮೈಸೂರಿನಿಂದ ಮೂರು ಗಂಟೆಯ ದಾರಿ. ಇತ್ತ ಸಮುದ್ರಯಾನ ಯೋಜನೆಯಲ್ಲಿ ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಒಯ್ಯುವ 'ಮತ್ಸ್ಯ 6000' ವಾಹನ ಚೆನ್ನೈನಲ್ಲಿ ರೂಪ ತಾಳಿದೆ. 2025ರ ಆಗಸ್ಟ್‌ನಲ್ಲಿ ಫ್ರಾನ್ಸಿನ ವಾಹನವೊಂದರಲ್ಲಿ ಇಬ್ಬರು ಭಾರತೀಯರು ಅಟ್ಲಾಂಟಿಕ್ ಸಾಗರದಲ್ಲಿ ನಾಲ್ಕು, ಐದು ಸಾವಿರ ಮೀಟರ್ ಆಳಕ್ಕಿಳಿದು ಬಂದರು. ದೇಶವು ಮೇಲಕ್ಕೂ ಕೆಳಕ್ಕೂ ಏಕಕಾಲದಲ್ಲಿ ಕೈಚಾಚಿರುವ ಕಾಲವಿದು.

ಹೀಗಿರುವಾಗ ಹೊಳೆಯ ದಡದಲ್ಲಿ ಹುಟ್ಟಿದ ನಮ್ಮ ಸ್ಥಿತಿ ಏನು? ಕಾವೇರಿ ಇಲ್ಲಿ ತಿರುವು ತೆಗೆದುಕೊಳ್ಳುವುದರಿಂದಲೇ ಮುಡುಕುತೊರೆ ಎಂಬ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ನದಿ ತಿರುಗುವಲ್ಲಿ ಹೊರಬದಿಯ ದಂಡೆಯನ್ನು ಸೆಳೆತ ಕೊರೆದು ಮಡು ಮಾಡುತ್ತದೆ ಎಂಬುದು ಭೂಗೋಳದ ಪಾಠ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂಬ ಅಲಮೇಲಮ್ಮನ ಶಾಪದ ಕಥೆ ಬಾಯಿಪಾಠವಾಗಿರುವ ನಮ್ಮ ಮಕ್ಕಳಿಗೆ, ಮಡು ಎಲ್ಲಿದೆ, ಸುಳಿಗೆ ಸಿಕ್ಕರೆ ಏನು ಮಾಡಬೇಕು ಎಂಬುದು ಗೊತ್ತಿಲ್ಲ. ನನ್ನ ಬಾಲ್ಯದಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಹಿರಿಯರು ಬಾವಿಗೆ ಇಳಿಸುತ್ತಿದ್ದರು. ಈಗ ಬಾವಿಗಳು ಬತ್ತಿವೆ, ಹೊಳೆಗೆ ಹೋಗಬೇಡವೆಂದು ಗದರಿಸುವುದೇ ಏಕೈಕ ರಕ್ಷಣೆಯಾಗಿದೆ. ಗದರಿಕೆ ಹುಡುಗರನ್ನು ತಡೆಯುವುದಿಲ್ಲ. ಕದ್ದು ಹೋಗುವಂತೆ ಮಾಡುತ್ತದೆ. ಬೇಸಿಗೆ ರಜೆಯಲ್ಲಿ, ಹಬ್ಬದಲ್ಲಿ, ಜಾತ್ರೆಯಲ್ಲಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ನನ್ನ ಸೇವಾವಧಿಯಲ್ಲಿ ಹಾಜರಿ ಪುಸ್ತಕದಲ್ಲಿ ಈ ಕಾರಣಕ್ಕೆ ಹೆಸರು ಹೊಡೆಯಬೇಕಾಗಿ ಬಂದದ್ದು ಎರಡು ಸಲ. ಆ ಎರಡು ಕ್ರಮಸಂಖ್ಯೆಗಳು ನನಗೆ ಇಂದೂ ಮರೆತಿಲ್ಲ.

ಅಂಥ ದಿನ ನಾವು ಓಡುವುದು ಅಂಬಿಗರ, ಮೀನುಗಾರರ ಮನೆಗೆ. ಅವರು ಬರುತ್ತಾರೆ, ಉಸಿರು ಬಿಗಿಹಿಡಿದು ಮುಳುಗುತ್ತಾರೆ, ದೇಹವನ್ನು ತಂದು ದಡದಲ್ಲಿಡುತ್ತಾರೆ. ಮರುದಿನ ಅವರ ಹೆಸರು ಯಾರಿಗೂ ಬೇಕಿಲ್ಲ. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಕೆಸರು ತುಂಬಿ ಭೋರ್ಗರೆಯುತ್ತಿದ್ದ ಗಂಗಾವಳಿ ನದಿಗೆ ಹುಡುಕಾಟಕ್ಕಾಗಿ ಇಳಿದವರಲ್ಲಿ ಮಲ್ಪೆಯ ಈಶ್ವರ್ ಅವರೂ ಒಬ್ಬರು. ನಾಡು ಕೆಲವು ದಿನ ಅವರನ್ನು ಕೊಂಡಾಡಿತು. ಆದರೆ ಅಂಥವರು ಬಲ್ಲ ವಿದ್ಯೆಯನ್ನು ವಿದ್ಯೆಯೆಂದು ಯಾವ ಶಾಲೆಯೂ ಬರೆದಿಟ್ಟುಕೊಳ್ಳಲಿಲ್ಲ. ನಮ್ಮ ಹೊಳೆಯ ಅಂಬಿಗರ ಹಿರಿಯರೊಬ್ಬರು ನನಗೆ ಹೇಳಿದ್ದುಂಟು: "ಎರಡಾಳು ಇಳಿದ್ಮೇಲೆ ಕಿವಿ ಹಿಡ್ಕತ್ತದೆ ಸಾ, ಎಂಜಲು ನುಂಗ್ತಾ ಇಳೀಬೇಕು." ಕಿವಿತಮಟೆಯ ಎರಡೂ ಬದಿಯ ಒತ್ತಡವನ್ನು ಸಮಗೊಳಿಸುವ ಕ್ರಮ ಅದು, ಪುಸ್ತಕದಲ್ಲಿ ಒಂದು ಪುಟ ಹಿಡಿಯುವ ವಿಷಯವನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಆ ವರ್ಷದಿಂದ ಒತ್ತಡದ ಪಾಠವನ್ನು ನಾನು ಅವರ ಮಾತಿನಿಂದಲೇ ಆರಂಭಿಸುತ್ತಿದ್ದೆ.

ನನ್ನ ಅಭಿಪ್ರಾಯ ಇಷ್ಟೇ. ಗರ್ನ್‌ಹಾರ್ಟರನ್ನು ಗಗನಯಾತ್ರಿಯನ್ನಾಗಿ ಮಾಡಿದ್ದು ಕೇವಲ ಪದವಿಯಲ್ಲ, ಕೇವಲ ಮುಳುಗುವ ಎದೆಗಾರಿಕೆಯೂ ಅಲ್ಲ. ಎರಡೂ ಒಬ್ಬ ಮನುಷ್ಯನಲ್ಲಿ ಕೂಡಿಕೊಳ್ಳಲು ಅವಕಾಶವಿದ್ದುದು. ನಮ್ಮಲ್ಲಿ ಈ ಎರಡರ ನಡುವೆ ಗೋಡೆಯಿದೆ. ಮುಳುಗಬಲ್ಲವನಿಗೆ ಓದು ಎಟುಕುವುದಿಲ್ಲ, ಓದಿದವನಿಗೆ ನೀರು ಎಂದರೆ ಭಯ. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನನ್ನು ಹನ್ನೆರಡನೆಯ ಶತಮಾನದಲ್ಲೇ ಶರಣರ ಸಾಲಿನಲ್ಲಿ ಕೂರಿಸಿದ ನಾಡು ನಮ್ಮದು. ಕಾಯಕದ ಮಾತನ್ನು ವೇದಿಕೆಯಲ್ಲಿ ಆಡುತ್ತೇವೆ, ಆದರೆ ಅಂಬಿಗರ ಹುಡುಗ ಹತ್ತನೆಯ ತರಗತಿಯಲ್ಲಿ ನಪಾಸಾದರೆ "ಅವನಿಗೇಕೆ ಓದು, ಬಲೆ ಹಿಡಿಯಲಿ" ಎನ್ನುತ್ತೇವೆ. ಅವನ ಮೈಗೆ ಗೊತ್ತಿರುವ ಭೌತಶಾಸ್ತ್ರವನ್ನು ಅವನ ಉತ್ತರಪತ್ರಿಕೆಗೆ ದಾಟಿಸುವುದು ಮೇಷ್ಟರ ಕೆಲಸ, ಸಮಾಜದ ಕೆಲಸ.

"ಹೊಳೆ ಅಪಾಯ, ಮಕ್ಕಳನ್ನು ನೀರಿಗಿಳಿಸಿ ಹೆಚ್ಚುಕಡಿಮೆಯಾದರೆ ಯಾರು ಹೊಣೆ?" ಎಂದು ಕೆಲವರು ಆಕ್ಷೇಪಿಸುತ್ತಾರೆ. ನ್ಯಾಯವಾದ ಆಕ್ಷೇಪ. ನಾನು ಮಡುವಿಗೆ ಇಳಿಸಿ ಎನ್ನುತ್ತಿಲ್ಲ. ಸೊಂಟದ ಮಟ್ಟದ ನಿಂತ ನೀರು, ಹಗ್ಗ, ಗಾಳಿ ತುಂಬಿದ ಟ್ಯೂಬು, ದಡದಲ್ಲಿ ಇಬ್ಬರು ಬಲ್ಲವರು, ಪೋಷಕರ ಲಿಖಿತ ಒಪ್ಪಿಗೆ, ಇಷ್ಟಿಲ್ಲದೆ ಯಾರೂ ಇಳಿಯಕೂಡದು. ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ವಿದ್ಯೆಯಂತೂ ತರಬೇತಿ ಪಡೆದ ವಯಸ್ಕರಿಗೇ ಮೀಸಲು. ಅಲ್ಲಿ ಉಸಿರು ಕಟ್ಟಿ ಮೇಲೇರುವುದೇ ಪ್ರಾಣಾಂತಿಕ, ಏಕೆಂದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ. "ಈಜು ಕಲಿತ ಮಾತ್ರಕ್ಕೆ ಗಗನಯಾತ್ರಿಯಾಗುತ್ತಾನೆಯೇ?" ಎನ್ನುವವರೂ ಇದ್ದಾರೆ. ಸಾವಿರದಲ್ಲಿ ಒಬ್ಬನೂ ಆಗದಿರಬಹುದು. ಆದರೆ ಆ ಸಾವಿರ ಮಂದಿಯೂ ಬದುಕಿರುತ್ತಾರೆ. ಕೋಚಿಂಗ್ ಕೇಂದ್ರಗಳು ಕೊಡಲಾರದ ಫಲಿತಾಂಶ ಅದು.

ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ದೈಹಿಕ ಶಿಕ್ಷಕರಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ, ಬೆಂಗಳೂರಿನಲ್ಲಿ, ಪರದೇಶದಲ್ಲಿ ಎಂಜಿನಿಯರುಗಳಾಗಿದ್ದೀರಿ. ನಿಮ್ಮಲ್ಲಿ ಮೂರು ವಿನಂತಿಗಳು. ಹೊಳೆದಂಡೆಯ ನಮ್ಮ ಶಾಲೆಗಳಲ್ಲಿ ಏಳನೆಯ ತರಗತಿ ದಾಟುವುದರೊಳಗೆ ಪ್ರತಿಯೊಬ್ಬ ಹುಡುಗನಿಗೂ ಹುಡುಗಿಗೂ ಈಜು ಬರುವಂತಾಗಲಿ. ಹುಡುಗಿಗೂ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಆ ಕಲಿಕೆಗೆ ಊರಿನ ಅಂಬಿಗರನ್ನೇ ಗುರುಗಳೆಂದು ಕರೆದು, ಕುರ್ಚಿ ಹಾಕಿ ಕೂರಿಸಿ, ಗೌರವಧನ ಕೊಡಿ. ಪ್ರಾಣರಕ್ಷಣೆಯ ಆಧುನಿಕ ತರಬೇತಿಯನ್ನು ಅವರಿಗೂ ಕೊಡಿಸಿ. ಮೂರನೆಯದಾಗಿ, ಅವರ ಮನೆಯ ಮಕ್ಕಳಲ್ಲಿ ಒಬ್ಬರಾದರೂ ವಿಜ್ಞಾನದ ಪದವಿ ಮುಗಿಸುವವರೆಗೆ ಬೆನ್ನಿಗೆ ನಿಲ್ಲಿ.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಮುಂದಿನ ಬೇಸಿಗೆಗೆ ಒಂದು ಶಾಲೆಯಿಂದ ಆರಂಭಿಸಿದರೂ ಸಾಕು. ಹಗ್ಗ ಮತ್ತು ಟ್ಯೂಬುಗಳ ಖರ್ಚನ್ನು ನನ್ನ ಪಿಂಚಣಿಯಲ್ಲಿ ಕೊಡುತ್ತೇನೆ. ದಡದಲ್ಲಿ ಹಾಜರಿ ಕರೆಯುವ ಕೆಲಸವನ್ನೂ ನನಗೇ ಬಿಡಿ. ಬರುವವರು ತಿಳಿಸಿ.

ಇಂತು ನಿಮ್ಮ ವಿಜ್ಞಾನದ ಮೇಷ್ಟರು